ಗದ್ದೆ ಯಾರದು, ಮಗು ಯಾರದು?

ವೀಕ್ಷಕರೇ, ಇವತ್ತು ಎರಡು ಪ್ರಶ್ನೆ ಕೇಳ್ತೇನೆ. ಒಂದು, ಗದ್ದೆ ಯಾರದು? ಆರ್‌ಟಿಸಿಯಲ್ಲಿ ಹೆಸರಿರುವವನದಾ, ಕೆಸರಿಗಿಳಿದು ಉತ್ತು ನಾಟಿ ಮಾಡಿದವನದಾ? ಎರಡು, ಮಗು ಯಾರದು? ತಾಳಿ ಕಟ್ಟಿದವನದಾ, ಹುಟ್ಟಿಗೆ ಕಾರಣನಾದವನದಾ, ಒಂಬತ್ತು ತಿಂಗಳು ಹೊತ್ತವಳದಾ?

ಮೊದಲನೆಯದನ್ನು ಕೇಳಿದರೆ ತಾಲೂಕು ಕಚೇರಿಯಲ್ಲಿ ಫೈಲ್ ಓಡಾಡ್ತದೆ. ಎರಡನೆಯದನ್ನು ಕೇಳಿದರೆ ಮನೆ ಒಡೀತದೆ, ಕೆಲವೊಮ್ಮೆ ಹೆಣ ಬೀಳ್ತದೆ. ಈ ಎರಡೂ ಪ್ರಶ್ನೆಯನ್ನು ಒಂದೇ ಹಗ್ಗದಲ್ಲಿ ಕಟ್ಟಿ, ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದ ನಾಟಕವೊಂದು ಕನ್ನಡದಲ್ಲಿ ಉಂಟು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. 1972ರಲ್ಲಿ ರಂಗಕ್ಕೆ ಬಂತು. ಅರ್ಧ ಶತಮಾನ ದಾಟಿತು. ನೀವು ಅದನ್ನು ಓದಬೇಕು, ಆಡುವುದು ಗೊತ್ತಾದರೆ ಹೋಗಿ ನೋಡಬೇಕು ಎಂದು ಹೇಳುವುದಕ್ಕೇ ಇವತ್ತಿನ ಮಾತು.

ನಾನು ಇಂಜಿನಿಯರಿಂಗ್ ಓದಿದವನು. ನಾಟಕ ನನ್ನ ಸಿಲೆಬಸ್‌ನಲ್ಲಿ ಇರಲಿಲ್ಲ. ಮಂಗಳೂರಿನಲ್ಲಿ ಬೆಳೆದವನಿಗೆ ನಾಟಕ ಅಂದರೆ ಪುರಭವನದಲ್ಲಿ ತುಳು ಹಾಸ್ಯ, ಊರ ಜಾತ್ರೆಯಲ್ಲಿ ಯಕ್ಷಗಾನ. ಮದುವೆ ದಲ್ಲಾಳಿ ಬರ್ತಾನೆ, ಹುಡುಗ ಒಬ್ಬ ಅಂತ ಇನ್ನೊಬ್ಬನನ್ನು ತೋರಿಸ್ತಾರೆ, ಮಾವ ಮೋಸ ಹೋಗ್ತಾನೆ, ಕೊನೆಗೆ ಎಲ್ಲ ಸರಿ ಹೋಗ್ತದೆ. ನಕ್ಕು ಮನೆಗೆ ಬರ್ತೇವೆ. ಕಂಬಾರರ ನಾಟಕವೂ ಹಾಗೇ ನಗಿಸುತ್ತದೆ. ಆದರೆ ಮನೆಗೆ ಬಂದ ಮೇಲೆ ನಿದ್ದೆ ಕೊಡುವುದಿಲ್ಲ.

ಮೊದಲು ಆ ಹೆಸರು. ನಮ್ಮ ಕರಾವಳಿಗೆ ಚೌತಿ ಗಣಪ ಗೊತ್ತು, ಜೋಕುಮಾರ ಗೊತ್ತಿಲ್ಲ. ಘಟ್ಟದ ಆಚೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಚೌತಿ ಮುಗಿದ ಮೇಲೆ ಭಾದ್ರಪದದ ಅಷ್ಟಮಿಯ ಹೊತ್ತಿಗೆ ಜೋಕುಮಾರ ಹುಟ್ಟುತ್ತಾನೆ. ಮಣ್ಣಿನ ಮೂರ್ತಿ. ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಗಂಡಸುತನ ಎದ್ದು ಕಾಣುವ ಹಾಗೆ ಮಾಡಿರುತ್ತಾರೆ. ಅವನನ್ನು ಬುಟ್ಟಿಯಲ್ಲಿಟ್ಟು ತಲೆ ಮೇಲೆ ಹೊತ್ತು ಹೆಂಗಸರು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ಮೊರದಲ್ಲಿ ಧಾನ್ಯ ತಂದು ಕೊಡುತ್ತಾರೆ. ಹುಣ್ಣಿಮೆಗೆ ಅವನ ಆಯುಸ್ಸು ಮುಗಿಯುತ್ತದೆ, ಕೊಲ್ಲುತ್ತಾರೆ. ಒಂದು ವಾರದ ದೇವರು. ಗಣಪ ಭೂಮಿಗೆ ಬಂದು ಕಡುಬು ತಿಂದು 'ಜನ ಚೆನ್ನಾಗಿದ್ದಾರೆ' ಅಂತ ಮೇಲೆ ಹೋಗಿ ವರದಿ ಕೊಡ್ತಾನಂತೆ. ಜೋಕುಮಾರ ಬಡವರ ಕಷ್ಟ ಕಂಡು, ಮಳೆ ಇಲ್ಲ, ಬೆಳೆ ಇಲ್ಲ ಅಂತ ನಿಜ ಹೇಳ್ತಾನಂತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಣಪ ಸರ್ಕಾರಿ ಪ್ರಕಟಣೆ, ಜೋಕುಮಾರ ಗ್ರೌಂಡ್ ರಿಪೋರ್ಟ್.

ನಮ್ಮಲ್ಲಿ ಅವನಿಗೆ ಹತ್ತಿರದವನು ಯಾರು ಅಂದರೆ ಆಟಿ ಕಳೆಂಜ. ಆಟಿ ತಿಂಗಳ ಮಳೆಯಲ್ಲಿ ತೆಂಗಿನ ಸಿರಿ ಉಟ್ಟು, ಕೊಡೆ ಹಿಡಿದು ಮನೆಮನೆಗೆ ಬಂದು ಅಕ್ಕಿ ಪಡೆದು, ಊರಿನ ಮಾರಿ ಕಳೆಯುವವನು. ಇಬ್ಬರೂ ಬಾಗಿಲಿಗೆ ಬರುತ್ತಾರೆ, ಇಬ್ಬರೂ ಧಾನ್ಯ ಪಡೆಯುತ್ತಾರೆ, ಇಬ್ಬರೂ ಹೊರಟು ಹೋಗುತ್ತಾರೆ. ಜೋಕುಮಾರ ಮಾತ್ರ ಹೋಗುವ ಮೊದಲು ಮಕ್ಕಳಿಲ್ಲದವರಿಗೆ ಮಕ್ಕಳನ್ನೂ ಕೊಡ್ತಾನೆ ಅನ್ನುವುದು ನಂಬಿಕೆ. ಕಂಬಾರರ ನಾಟಕ ಹುಟ್ಟುವುದು ಅಲ್ಲಿಂದ.

ಕಥೆ ಇಷ್ಟು. ಊರಿಗೊಬ್ಬ ಗೌಡ. ಹೆಗಲ ಮೇಲೆ ಯಾವಾಗಲೂ ಬಂದೂಕು. ಕಂಡ ಭೂಮಿ ತನ್ನದು, ಕಂಡ ಹೆಣ್ಣೂ ತನ್ನದು ಅನ್ನುವ ಗತ್ತು. ಹಿಂದೆ ಮುಂದೆ ಹೌದಪ್ಪಗಳು. ಆದರೆ ಮನೆಯಲ್ಲಿ ಗೌಡ್ತಿಗೆ ಮಕ್ಕಳಿಲ್ಲ. ಯಾಕಿಲ್ಲ? ಬಂದೂಕು ತಿರುಗಿಸಿಕೊಂಡು ಊರೆಲ್ಲ ಓಡಾಡುವ ಈ ಗಂಡಸಿನಲ್ಲಿ ಗಂಡಸುತನವೇ ಇಲ್ಲ. ಇದು ನಾಟಕದ ಮೊದಲ ಗುಟ್ಟು. ಇನ್ನೊಂದು ಕಡೆ ಬಸಣ್ಣ. ಗೌಡನ ದರ್ಪಕ್ಕೆ ತಲೆ ಬಾಗದ ಒಕ್ಕಲಿಗ. ದೆವ್ವದ ಹೊಲ ಅಂತ ಊರವರು ಹೆದರುವ ಜಾಗದಲ್ಲಿ ಬೆವರು ಸುರಿಸಿ ಬೆಳೆ ತೆಗೆದವನು. ಬೆಳೆ ಬಂದ ಕೂಡಲೇ ಗೌಡನಿಗೆ ಅದು ತನ್ನ ಹೊಲ ಎಂದು ನೆನಪಾಗುತ್ತದೆ.

ಗೌಡ್ತಿಗೆ ಮಗು ಬೇಕು. ಜೋಕುಮಾರನ ಹೆಸರಿನಲ್ಲಿ ಪಡವಲಕಾಯಿಗೆ ಪೂಜೆ ಮಾಡಿ, ಪಲ್ಯ ಮಾಡಿ ಗಂಡನಿಗೆ ಉಣಿಸಿದರೆ ಫಲ ಸಿಗ್ತದೆ ಎನ್ನುವ ನಂಬಿಕೆ. ಅದಕ್ಕಾಗಿ ಅವಳು ಹೋಗಬೇಕಾದದ್ದು ಶಾರಿಯ ಹತ್ತಿರ. ಗೌಡನ ಸಹವಾಸ ಕಂಡವಳು, ಊರು ಹಗಲು ದೂರ ಇಡುವ, ರಾತ್ರಿ ಬಾಗಿಲು ತಟ್ಟುವ ಹೆಣ್ಣು. ಮದುವೆಯಾದವಳು, ಮದುವೆಯಿಂದ ಹೊರಗಿಟ್ಟವಳು ಇಬ್ಬರೂ ಎದುರು ಬದುರು ಕೂತು ಒಂದೇ ಗಂಡಸಿನ ಬಗ್ಗೆ ಮಾತಾಡುತ್ತಾರೆ. ಆಮೇಲೆ ಗೌಡ್ತಿ ಬುತ್ತಿ ಕಟ್ಟಿಕೊಂಡು ಕತ್ತಲಲ್ಲಿ ಹೊಲಕ್ಕೆ ಹೋಗುತ್ತಾಳೆ. ಗಂಡ ಅಲ್ಲಿದ್ದಾನೆ ಎಂದು ನಂಬಿ ಹೋದವಳು. ಅಲ್ಲಿ ಇದ್ದದ್ದು ಬಸಣ್ಣ. ಜೋಕುಮಾರನನ್ನು ಉಂಡವನು ಅವನು. ಮುಂದಿನದು ನಿಮಗೆ ಅರ್ಥವಾಯಿತು.

ಇದಕ್ಕೆ ಸೂತ್ರಧಾರ, ಹಿಮ್ಮೇಳ, ಹಾಡು, ಕುಣಿತ. ಬಯಲಾಟದ ರೂಪ. ಯಕ್ಷಗಾನ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ. ಆದರೆ ಆಟ ಶುರುವಾಗುವಾಗ ಗಣಪನ ಸ್ತುತಿ ಮಾಮೂಲು ಅಲ್ವಾ? ಇಲ್ಲಿ ಸೂತ್ರಧಾರ ಪೂಜೆ ಜೋಕುಮಾರನಿಗೆ ಅಂತಾನೆ. ಆ ದೇವರ ಹೆಸರು ಎತ್ತುವುದಕ್ಕೇ ಸಂಕೋಚ. ನಗು ಅಲ್ಲಿಂದಲೇ ಶುರು.

ಈಗ ಒಂದು ವಿಷಯ ಗಮನಿಸಿ. ಮಕ್ಕಳಾಗದ ಹೆಂಗಸು, ಗಂಡನಲ್ಲದವನಿಂದ ಗರ್ಭ. ಈ ಸಾಮಗ್ರಿ ಸಿಕ್ಕಿದರೆ ಊರಿನ ಬಾಯಿ ಯಾರನ್ನು ನೋಡಿ ನಗುತ್ತದೆ? ಹೆಂಗಸನ್ನು. ಕಂಬಾರರು ಏನು ಮಾಡಿದರು? ನಗುವಿನ ಬಂದೂಕನ್ನು ಗೌಡನ ಕಡೆ ತಿರುಗಿಸಿದರು. ಇಡೀ ನಾಟಕದಲ್ಲಿ ಗೌಡ್ತಿ ನಗೆಪಾಟಲಾಗುವುದಿಲ್ಲ. ಶಾರಿಯೂ ಆಗುವುದಿಲ್ಲ. ನಗೆಪಾಟಲಾಗುವುದು ಒಡೆತನದ ಗತ್ತು. ಈ ನಾಟಕವನ್ನು ನಾನು ಶಿಫಾರಸು ಮಾಡುವುದಕ್ಕೆ ಮೊದಲ ಕಾರಣ ಇದೇ.

ಇಂಜಿನಿಯರ್ ಆಗಿ ಒಂದು ಮಾತು ಹೇಳ್ತೇನೆ. ಒಂದು ಯಂತ್ರ ಓಡುವುದಿಲ್ಲ ಅಂದರೆ ಮೊದಲು ಯಾವ ಟೆಸ್ಟ್ ಮಾಡ್ತೇವೆ? ಸುಲಭದ್ದು, ಖರ್ಚು ಕಡಿಮೆಯದ್ದು, ನೋವಿಲ್ಲದ್ದು. ಮಕ್ಕಳಾಗದ ದಂಪತಿಯಲ್ಲಿ ಅಂಥ ಟೆಸ್ಟ್ ಯಾವುದು? ಗಂಡನ ವೀರ್ಯ ಪರೀಕ್ಷೆ. ಆದರೆ ನಮ್ಮ ಮನೆಗಳಲ್ಲಿ ಏನಾಗ್ತದೆ? ಹೆಂಡತಿಗೆ ಸ್ಕ್ಯಾನಿಂಗ್, ಹೆಂಡತಿಗೆ ಇಂಜೆಕ್ಷನ್, ಹೆಂಡತಿಯಿಂದ ಆಶ್ಲೇಷಾ ಬಲಿ, ಹೆಂಡತಿಯ ಉಪವಾಸ. ಗಂಡ ಕಾರಿನಲ್ಲಿ ಕೂತು ಕಾಯ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಜೀವನದ ಒಂದು ಹಂತದಲ್ಲಿ ಈ ತೊಂದರೆ ಅನುಭವಿಸ್ತಾರೆ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಪಾಲೂ ಇರುತ್ತದೆ ಎನ್ನುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಗೌಡ 1972ರಲ್ಲಿ ಟೆಸ್ಟ್ ಮಾಡಿಸಿಕೊಳ್ಳಲಿಲ್ಲ ಸರಿ. ಈಗಿನ ಗೌಡರಿಗೆ ಏನು ಕಾರಣ, ಹೇಳಿ?

ಮಕ್ಕಳಾಗುವುದಕ್ಕೆ ಗಿಡಮೂಲಿಕೆ, ವಯಸ್ಸಾದ ಪೆದ್ದ ಗಂಡ, ಕತ್ತಲಲ್ಲಿ ಇನ್ನೊಬ್ಬ. ಈ ಹಾಸ್ಯ ನಮ್ಮಲ್ಲಿ ಮಾತ್ರ ಅಲ್ಲ. ರಾಜಕೀಯದ ಕುಟಿಲ ತಂತ್ರಕ್ಕೆ ಯಾರ ಹೆಸರು ಹೇಳ್ತೇವೋ, ಆ ಇಟಲಿಯ ಮೆಕಿಯವೆಲ್ಲಿಯೇ 1518ರ ಸುಮಾರಿಗೆ 'ಮಂದ್ರಾಗೋಲಾ' ಎನ್ನುವ ಪ್ರಹಸನ ಬರೆದ. ಫ್ಲಾರೆನ್ಸ್‌ನ ವಕೀಲ ನೀಚಿಯಾನಿಗೆ ಮಗು ಬೇಕು. ಕಲ್ಲಿಮಾಕೋ ಎಂಬ ಯುವಕನಿಗೆ ಆ ವಕೀಲನ ಹೆಂಡತಿ ಲುಕ್ರೇಷಿಯಾ ಬೇಕು. ಯುವಕ ಡಾಕ್ಟರ್ ವೇಷ ಹಾಕಿ ಒಂದು ಬೇರಿನ ಕಷಾಯ ಹೇಳ್ತಾನೆ. ಅದನ್ನು ಕುಡಿದ ಹೆಣ್ಣಿನ ಜೊತೆ ಮೊದಲು ಮಲಗಿದವ ಸಾಯ್ತಾನೆ, ಹಾಗಾಗಿ ಯಾರಾದರೂ ಅಪರಿಚಿತನನ್ನು ಹಿಡಿದು ತನ್ನಿ ಅಂತಾನೆ. ಆ ಅಪರಿಚಿತನೂ ಅವನೇ! ಪಾದ್ರಿ ಬಂದು ಹೆಂಡತಿಗೆ ಇದು ಪಾಪ ಅಲ್ಲ ಅಂತ ಒಪ್ಪಿಸ್ತಾನೆ. ಕೊನೆಗೆ ಗಂಡ ಖುಷಿಯಿಂದ ಆ ಯುವಕನಿಗೆ ಮನೆಯ ಕೀಲಿಕೈ ಕೊಡ್ತಾನೆ. ಎಲ್ಲರೂ ಸುಖ.

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ನೋಡಿ. ಇಟಲಿಯ ನಾಟಕದಲ್ಲಿ ಗಂಡಸರೆಲ್ಲ ಸೇರಿ ಹೆಂಗಸಿನ ಮೇಲೆ ಪ್ಲಾನ್ ಮಾಡ್ತಾರೆ. ಗಂಡ, ಪ್ರೇಮಿ, ಪಾದ್ರಿ, ದಲ್ಲಾಳಿ. ಕಂಬಾರರಲ್ಲಿ ಪ್ಲಾನ್ ಮಾಡಿದವಳು ಹೆಂಗಸು. ಬುತ್ತಿ ಕಟ್ಟಿದ್ದು ಅವಳು, ಕತ್ತಲಿಗೆ ಹೆದರದೆ ನಡೆದದ್ದು ಅವಳು. ಬಸಣ್ಣನ ಕುತಂತ್ರದಿಂದ ನಡೆದದ್ದಲ್ಲ ಇದು. ಮತ್ತೆ ಇಲ್ಲಿ ಯಾರೂ ಕೀಲಿಕೈ ಕೊಡುವುದಿಲ್ಲ. ಗೌಡ ಮತ್ತು ಅವನ ಕಡೆಯವರು ಬಸಣ್ಣನನ್ನು ಕೊಲ್ಲುತ್ತಾರೆ. ಏಳು ದಿನ ಬದುಕಿ ಸಾಯುವ ಆ ದೇವರ ಹಾಗೆ ಬಸಣ್ಣನ ರಕ್ತವೂ ಅದೇ ಮಣ್ಣಿಗೆ ಬೀಳುತ್ತದೆ. ಗೌಡ್ತಿಯ ಹೊಟ್ಟೆಯಲ್ಲಿ ಮಗು ಉಳಿಯುತ್ತದೆ. ಅಲ್ಲಿಯವರೆಗೆ ನಗುತ್ತಿದ್ದ ಪ್ರೇಕ್ಷಕ ತಣ್ಣಗಾಗುತ್ತಾನೆ.

ಈಗ ಇತಿಹಾಸಕ್ಕೆ ಬರೋಣ. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಆದರೆ ಈ ನಾಟಕವನ್ನು ರಂಗಕ್ಕೆ ತಂದವರು ನಮ್ಮವರು. ಬಿ.ವಿ. ಕಾರಂತರು, ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯವರು, 1929ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಬೆಳಗಾವಿಯ ಮಾತು, ಕರಾವಳಿಯ ಕಿವಿ. 'ಜೋಕುಮಾರಸ್ವಾಮಿ'ಯ ಸಂಗೀತ, ಕುಣಿತ ಎಲ್ಲ ಈ ಜೋಡಿಯಿಂದ ಜೀವ ಪಡೆದದ್ದು. ಮೂರು ವರ್ಷದ ನಂತರ, 1975ರಲ್ಲಿ, ಅದೇ ಕಾರಂತರು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಎರಡೂ ಭೂಮಿಯ ಕಥೆ. ಒಬ್ಬ ತಾನು ಉತ್ತ ಹೊಲಕ್ಕಾಗಿ ಸತ್ತವ, ಇನ್ನೊಬ್ಬ ಒಂದು ತುಂಡು ಗದ್ದೆ ಉಳುವ ಆಸೆಯಲ್ಲೇ ಸತ್ತವ.

1972 ಎನ್ನುವ ಇಸವಿಯೂ ಸುಮ್ಮನೆ ಅಲ್ಲ. ಆ ವರ್ಷವೇ ದೇವರಾಜ ಅರಸರು ಮುಖ್ಯಮಂತ್ರಿಯಾದದ್ದು. 'ಉಳುವವನೇ ಹೊಲದೊಡೆಯ' ಎನ್ನುವ ಮಾತು ಊರೂರು ಸುತ್ತುತ್ತಿದ್ದ ಕಾಲ. ಭೂ ಸುಧಾರಣೆಯ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಹೋಗಿ, ನಾನೇ ಉಳುತ್ತಿದ್ದೆ ಎಂದು ತೋರಿಸಿದರೆ ಭೂಮಿ ಅವನಿಗೆ. ರಾಜ್ಯದಲ್ಲಿ ಇದರ ಬಿಸಿ ತುಂಬ ಜೋರಾಗಿ ತಟ್ಟಿದ್ದು ನಮ್ಮ ದಕ್ಷಿಣ ಕನ್ನಡಕ್ಕೆ. ಯಾಕೆಂದರೆ ಇಲ್ಲಿ ಗದ್ದೆ ತೋಟವೆಲ್ಲ ಗೇಣಿಯಲ್ಲೇ ಇತ್ತು. ಮೂಲಗೇಣಿ, ಚಾಲಗೇಣಿ, ವಾಯಿದೆಗೇಣಿ, ಎಷ್ಟು ಶಬ್ದ ನೋಡಿ! ಒಂದು ವಿಷಯಕ್ಕೆ ಭಾಷೆಯಲ್ಲಿ ಅಷ್ಟು ಶಬ್ದ ಇದ್ದರೆ ಊರಿನ ಜೀವನವೇ ಅದರ ಮೇಲೆ ನಿಂತಿದೆ ಎಂದು ಅರ್ಥ.

ನಾನು ಹುಟ್ಟುವಾಗ ಇದೆಲ್ಲ ಮುಗಿದಿತ್ತು. ಆದರೆ ನಮ್ಮ ಕಡೆ ಇವತ್ತಿಗೂ ಎರಡು ರೀತಿಯ ಅಜ್ಜಂದಿರು ಸಿಗ್ತಾರೆ. 'ಇದು ನಮಗೆ ಡಿಕ್ಲರೇಷನ್‌ನಲ್ಲಿ ಸಿಕ್ಕಿದ ಜಾಗ ಮಗಾ' ಎನ್ನುವವರು. 'ನಮ್ಮದೆಲ್ಲ ಡಿಕ್ಲರೇಷನ್‌ನಲ್ಲಿ ಹೋಯ್ತು ಮಾರಾಯ' ಎನ್ನುವವರು. ಕಳಕೊಂಡವರೆಲ್ಲ ಬಂದೂಕು ಹಿಡಿದ ಗೌಡರಲ್ಲ. ಗೇಣಿ ಅಕ್ಕಿಯಲ್ಲೇ ಒಲೆ ಹೊತ್ತಿಸುತ್ತಿದ್ದ ವಿಧವೆಯರೂ ಇದ್ದರು. ಪಡೆಯಬೇಕಾದವರೆಲ್ಲ ಪಡೆಯಲೂ ಇಲ್ಲ. ಗೇಣಿಚೀಟಿ ಇದ್ದವನಿಗೆ, ಒಕ್ಕಲು ಎಂದು ತೋರಿಸಬಲ್ಲವನಿಗೆ ಭೂಮಿ ಬಂತು. ಚೋಮನಂಥವನು ಗೇಣಿದಾರನೇ ಅಲ್ಲ, ಮೂಲದ ಆಳು. ಅವನಿಗೆ ತುಂಬಲು ಫಾರ್ಮೇ ಇರಲಿಲ್ಲ.

ಇಷ್ಟಾದರೂ ಒಂದು ದೊಡ್ಡ ಮಾತನ್ನು ಕಾಯ್ದೆ ಒಪ್ಪಿಕೊಂಡಿತು. ಕಾಗದದ ಹೆಸರಿಗಿಂತ ಬೆವರು ದೊಡ್ಡದು. ನಾಟಕದ ಬಸಣ್ಣ ಕೇಳಿದ್ದೂ ಅಷ್ಟೇ. ಅವನು ಇನ್ನೆರಡು ವರ್ಷ ಬದುಕಿದ್ದರೆ ಫಾರ್ಮ್ ನಂಬರ್ 7 ತುಂಬುತ್ತಿದ್ದ.

ಹೊಲದ ಪ್ರಶ್ನೆಗೆ ಹೀಗೆ ಉತ್ತರ ಬಂತು. ಮಗುವಿನ ಪ್ರಶ್ನೆಗೆ ಕಾನೂನು ಏನನ್ನುತ್ತದೆ? ಪೂರ್ತಿ ಉಲ್ಟಾ! 1872ರ ಸಾಕ್ಷ್ಯ ಕಾಯ್ದೆಯ 112ನೇ ಸೆಕ್ಷನ್, ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್. ಮದುವೆ ಊರ್ಜಿತದಲ್ಲಿರುವಾಗ, ಅಥವಾ ಮದುವೆ ಮುರಿದು ತಾಯಿ ಮರುಮದುವೆಯಾಗದೆ 280 ದಿನದೊಳಗೆ ಹುಟ್ಟಿದ ಮಗು ಆ ಗಂಡನದೇ. ಆ ಸಮಯದಲ್ಲಿ ಗಂಡ ಹೆಂಡತಿಗೆ ಸೇರುವ ಅವಕಾಶವೇ ಇರಲಿಲ್ಲ ಎಂದು ರುಜುವಾತಾದರೆ ಮಾತ್ರ ಬೇರೆ ಮಾತು. ಅಂದರೆ ಗೌಡ್ತಿ ಗೌಡನ ಮನೆಯಲ್ಲೇ ಇದ್ದಳು ಎಂದಾದರೆ, ಬಸಣ್ಣನ ಮಗು ಕಾನೂನಿನ ಕಣ್ಣಲ್ಲಿ ಗೌಡನ ಮಗು! ಹೊಲಕ್ಕೆ ಉತ್ತವನೇ ಒಡೆಯ ಎಂದ ದೇಶ, ಮಗುವಿಗೆ ಮಾತ್ರ ರಿಜಿಸ್ಟರ್‌ನಲ್ಲಿ ಹೆಸರಿದ್ದವನೇ ಅಪ್ಪ ಅಂತದೆ.

ಇದು ಅನ್ಯಾಯ ಅಂತ ಅನಿಸಬಹುದು. ನನಗೂ ಮೊದಲು ವಿಚಿತ್ರ ಅನಿಸಿತು. ಆದರೆ ಯೋಚನೆ ಮಾಡಿ. ಹೊಲದ ಒಡೆಯ ಬದಲಾದರೆ ಹೊಲಕ್ಕೆ ಏನೂ ಆಗುವುದಿಲ್ಲ. ಶಾಲೆಯಲ್ಲಿ ಯಾರೂ ಹೊಲವನ್ನು ಬೆರಳು ಮಾಡಿ ತೋರಿಸುವುದಿಲ್ಲ. ಮಗುವಿಗೆ ಆಗುತ್ತದೆ. ದೊಡ್ಡವರ ಗುಟ್ಟಿಗೆ ಮಗು ಯಾಕೆ ಬೆಲೆ ತೆರಬೇಕು ಎನ್ನುವುದು ಈ ಸೆಕ್ಷನ್‌ನ ಒಳಗಿನ ಮಾತು. ಹಾಗಾಗಿಯೇ ಗಂಡ ಕೇಳಿದ ಕೂಡಲೇ ರಕ್ತ ಪರೀಕ್ಷೆಗೆ ಆದೇಶ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತು. ಡಿಎನ್ಎ ಟೆಸ್ಟ್ ಬಂದ ಮೇಲೂ ಅದೇ ಜಾಗ್ರತೆ. 2025ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲೂ ಆ ನಿಲುವನ್ನೇ ಎತ್ತಿ ಹಿಡಿಯಿತು. ಟೆಸ್ಟ್ ಮಾಡಲು ಆಗ್ತದೆ ಎನ್ನುವುದು ಬೇರೆ, ಮಾಡಬೇಕಾ ಎನ್ನುವುದು ಬೇರೆ. ಇದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಹೇಳಿಕೊಡದ ಪಾಠ.

ಇನ್ನೊಂದು ತಮಾಷೆ ಉಂಟು. ಗೌಡ ತುಳುನಾಡಿನ ಹಳೆಯ ಗುತ್ತಿನ ಮನೆಯಲ್ಲಿ ಹುಟ್ಟಿದ್ದರೆ ಈ ನಾಟಕವೇ ನಡೆಯುತ್ತಿರಲಿಲ್ಲ! ಯಾಕೆ ಹೇಳಿ? ಅಳಿಯಕಟ್ಟು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ಆಸ್ತಿ ಹೋಗುತ್ತಿದ್ದದ್ದು ಹೆಣ್ಣಿನ ಕಡೆಯಿಂದ. ಮಗು ತಾಯಿಯ ಕುಟುಂಬದ್ದು, ಬಳಿಯೂ ತಾಯಿಯದೇ. ಗಂಡಸಿಗೆ ವಾರಸುದಾರ ಬೇಕಾದರೆ ಹೆಂಡತಿಯ ಹೊಟ್ಟೆ ನೋಡಬೇಕಾಗಿಲ್ಲ, ತಂಗಿಯ ಮಗ ಇದ್ದಾನೆ. ಇದನ್ನು ಭೂತಾಳ ಪಾಂಡ್ಯನ ಕಾಲದ ಕಟ್ಟು ಎಂದು ಹೇಳುತ್ತದೆ ಐತಿಹ್ಯ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಕಟ್ಟು ಸಡಿಲವಾಯಿತು.

ಅಳಿಯಕಟ್ಟು ಸ್ವರ್ಗ ಅಂತ ನಾನು ಹೇಳುವುದಿಲ್ಲ. ಅಲ್ಲೂ ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲೇ ಇತ್ತು. ಹೆತ್ತ ಮಕ್ಕಳಿಗೆ ಕೊಡಲಾ, ಅಳಿಯನಿಗೆ ಬಿಡಲಾ ಎಂದು ಒದ್ದಾಡಿದ ಅಪ್ಪಂದಿರ ಕೇಸುಗಳು ಮಂಗಳೂರಿನ ಕೋರ್ಟಿಗೆ ಹೊಸತೇನಲ್ಲ. ಆದರೆ ಒಂದು ವಿಷಯ ಇದರಿಂದ ಗೊತ್ತಾಗ್ತದೆ. 'ಮಗು ಯಾರದು' ಎನ್ನುವ ಪ್ರಶ್ನೆ ಪ್ರಕೃತಿ ಕೇಳುವ ಪ್ರಶ್ನೆಯಲ್ಲ. ಆಸ್ತಿ ಕೇಳುವ ಪ್ರಶ್ನೆ. ಆಸ್ತಿ ಯಾವ ದಾರಿಯಲ್ಲಿ ಹರಿಯುತ್ತದೋ, ಅನುಮಾನವೂ ಅದೇ ದಾರಿಯಲ್ಲಿ ಹರಿಯುತ್ತದೆ. ಗೌಡನಿಗೆ ಬೇಕಾಗಿದ್ದದ್ದು ಮಗುವಾ? ಅಲ್ಲ, ವಾರಸುದಾರ. ಮಗು ಬೇಕಾಗಿದ್ದದ್ದು ಗೌಡ್ತಿಗೆ.

ನಾಟಕದ ಮೇಲೆ ಒಂದು ಆಕ್ಷೇಪ ಉಂಟು, ಅದನ್ನೂ ಹೇಳಲೇಬೇಕು. ಹೆಣ್ಣನ್ನು ಹೊಲಕ್ಕೆ ಹೋಲಿಸುವುದು ಸರಿಯಾ? ಇದು ಬಹಳ ಹಳೆಯ ಹೋಲಿಕೆ. ಹೊಲದವನು ದೊಡ್ಡವನಾ ಬೀಜದವನು ದೊಡ್ಡವನಾ ಎಂದು ಮನುಸ್ಮೃತಿಯೇ ಚರ್ಚೆ ಮಾಡಿದೆ. ಮಹಾಭಾರತದಲ್ಲಿ ಪಾಂಡವರೇ ಕ್ಷೇತ್ರಜರು. ಆ ಚರ್ಚೆಯಲ್ಲಿ ಹೊಲಕ್ಕೆ ಬಾಯಿ ಇಲ್ಲ. ಕಂಬಾರರ ನಾಟಕದಲ್ಲೂ ಕೆಲವು ಕಡೆ ಗೌಡ್ತಿ ಇಬ್ಬರು ಗಂಡಸರ ಜಗಳದ ನಡುವಿನ ಭೂಮಿಯ ಹಾಗೆ ಕಾಣ್ತಾಳೆ. ಇವತ್ತಿನ ಹುಡುಗಿಯರು ಓದಿದರೆ ಅಲ್ಲಿ ನಿಂತು ಪ್ರಶ್ನೆ ಕೇಳ್ತಾರೆ, ಕೇಳಬೇಕು. ಆದರೂ ನಾನು ಹೇಳುವುದಿಷ್ಟು. ಆ ರಾತ್ರಿ ನಡೆದು ಹೋದವಳು ಅವಳು. ಹೊಲ ತಾನಾಗಿ ಎದ್ದು ಎಲ್ಲಿಗೂ ನಡೆಯುವುದಿಲ್ಲ. ಅವಳ ಆ ನಡಿಗೆಯಲ್ಲೇ ಹಳೆಯ ಹೋಲಿಕೆ ಒಡೆದು ಹೋಗ್ತದೆ.

ಕೊನೆಗೆ ಗುಟ್ಟಿನ ವಿಷಯ. ಹುಟ್ಟಿನ ಗುಟ್ಟು ಕರಾವಳಿಯವರಿಗೆ ಹೊಸದಲ್ಲ. ಕರ್ಣಭೇದನದ ತಾಳಮದ್ದಳೆಗೆ ಎಷ್ಟು ಜನ ಸೇರ್ತಾರೆ ನಿಮಗೆ ಗೊತ್ತು. ನೀನು ಕುಂತಿಯ ಮಗ ಎಂದು ಕೃಷ್ಣ ಹೇಳುವಾಗ ಸಭೆಯಲ್ಲಿ ಕಣ್ಣೊರೆಸಿಕೊಳ್ಳದ ಹಿರಿಯರಿಲ್ಲ. ಆ ಗುಟ್ಟಿನಿಂದ ಲಾಭ ಯಾರಿಗೆ? ಗುಟ್ಟು ಬಿಚ್ಚಿದವನಿಗೆ. ಕರ್ಣನಿಗೆ ಬಂದದ್ದು ಸಂಕಟ ಮಾತ್ರ. ಗಿರೀಶ ಕಾರ್ನಾಡರ 'ನಾಗಮಂಡಲ'ವೂ ಇದೇ ಜಾತಿಯದು. ಹೆಸರು ನಮ್ಮ ಊರಿನ ಆರಾಧನೆಯದು, ಕಥೆ ಎ.ಕೆ. ರಾಮಾನುಜನ್ನರಿಂದ ಕೇಳಿದ ಜನಪದದ್ದು. ಹೆಂಡತಿಯನ್ನು ಮನೆಯೊಳಗೆ ಬೀಗ ಹಾಕಿಟ್ಟು ಬೇರೆಯವಳ ಹತ್ತಿರ ಹೋಗುವ ಗಂಡ, ಹೆಂಡತಿ ಬಸುರಿ ಎಂದ ಕೂಡಲೇ ಪಂಚಾಯತಿ ಕರೀತಾನೆ. ಊರೆಲ್ಲ ಸೇರಿ ರಾಣಿಯನ್ನು ಪ್ರಮಾಣ ಮಾಡು ಅಂತದೆ. ಅವನು ರಾತ್ರಿ ಎಲ್ಲಿಗೆ ಹೋಗ್ತಿದ್ದ ಅಂತ ಪ್ರಮಾಣ ಮಾಡಿಸುವವರು ಯಾರೂ ಇಲ್ಲ.

ಈ ಪಂಚಾಯತಿ ಈಗ ಎಲ್ಲಿ ಕೂಡ್ತದೆ ಗೊತ್ತುಂಟಾ? ಟಿವಿ ಸ್ಟುಡಿಯೋದಲ್ಲಿ. ನಾಲ್ಕು ಕಿಟಕಿ, ನಾಲ್ಕು ಮುಖ. ಗಂಡ ಒಂದು ಕಿಟಕಿ, ಹೆಂಡತಿ ಒಂದು ಕಿಟಕಿ, ವಕೀಲರು, ಮನಃಶಾಸ್ತ್ರಜ್ಞರು. ಕೆಳಗೆ ಕೆಂಪು ಪಟ್ಟಿಯಲ್ಲಿ 'ಮಗು ಯಾರದು?' ಪಕ್ಕದಲ್ಲಿ ಮಗುವಿನ ಫೋಟೋ, ಮುಖಕ್ಕೆ ಒಂದು ಮಬ್ಬು. ಆ ಮಬ್ಬು ಎಷ್ಟು ದಿನ ಕಾಪಾಡುತ್ತದೆ? ಹತ್ತು ವರ್ಷದ ನಂತರ ಆ ಮಗು ತನ್ನ ಅಮ್ಮನ ಹೆಸರು ಟೈಪ್ ಮಾಡಿದರೆ ಮೊದಲು ಸಿಗುವುದು ಆ ವಿಡಿಯೋ. ಕೋರ್ಟು 150 ವರ್ಷದಿಂದ ಮಗುವಿನ ಮೇಲೆ ಒಂದು ಹೊದಿಕೆ ಹೊದಿಸಿ ಇಟ್ಟಿದೆ. ಆ ಹೊದಿಕೆ ಎಳೆಯುವ ಕೆಲಸ ನಮ್ಮ ವೃತ್ತಿಗೆ ಬೇಡ. ಇದು ನಾನು ವೀಕ್ಷಕರಿಗೆ ಹೇಳುವಷ್ಟೇ ಗಟ್ಟಿಯಾಗಿ ಸ್ಟುಡಿಯೋದೊಳಗೂ ಹೇಳುವ ಮಾತು. ರಿಮೋಟ್ ನಿಮ್ಮ ಕೈಯಲ್ಲಿದೆ. ಆ ಕೆಂಪು ಪಟ್ಟಿ ಬಂದಾಗ ನೀವು ಚಾನಲ್ ಬದಲಾಯಿಸಿದರೆ, ಮರುದಿನ ಆ ಕಾರ್ಯಕ್ರಮ ಇರುವುದಿಲ್ಲ. ಅಷ್ಟು ಸರಳ ಲೆಕ್ಕ ಅದು.

ಹಾಗಾಗಿ 'ಜೋಕುಮಾರಸ್ವಾಮಿ' ಓದಿ. ಚಿಕ್ಕ ಪುಸ್ತಕ, ಒಂದು ಭಾನುವಾರ ಸಾಕು. ಬೆಳಗಾವಿ ಕಡೆಯ ಮಾತು, ನಮ್ಮ ಮಂಗಳೂರು ಕನ್ನಡಕ್ಕೆ ಮೊದಲ ನಾಲ್ಕು ಪುಟ ಕಷ್ಟ. ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ, ಐದನೇ ಪುಟದಿಂದ ತಾನಾಗಿ ಓಡ್ತದೆ. ಪೋಲಿ ಮಾತು ಇದೆ, ಮುಚ್ಚಿಡುವುದಿಲ್ಲ. ಆದರೆ ಆ ಪೋಲಿತನದಲ್ಲಿ ಹೆಣ್ಣಿಗೆ ಅವಮಾನ ಇಲ್ಲ. ಸಂಜೆ ಧಾರಾವಾಹಿಯ ಅತ್ತೆ ಸೊಸೆಗೆ ಬೈಯುವುದಕ್ಕಿಂತ ಎಷ್ಟೋ ಸಭ್ಯ. ಹವ್ಯಾಸಿ ತಂಡಗಳು ಆಗಾಗ ಈ ನಾಟಕ ಆಡುತ್ತಲೇ ಇರುತ್ತವೆ. ನಿಮ್ಮ ಊರಿಗೆ ಬಂದರೆ ಗಂಡ ಹೆಂಡತಿ ಒಟ್ಟಿಗೆ ಹೋಗಿ. ನಗು ಬಂದಾಗ ನಗಿ. ನಿಮ್ಮ ಪಕ್ಕದಲ್ಲಿ ಕೂತವರು ಯಾವ ಮಾತಿಗೆ ನಗುತ್ತಾರೆ, ಯಾವ ಮಾತಿಗೆ ಸುಮ್ಮನಾಗುತ್ತಾರೆ ಅನ್ನುವುದನ್ನೂ ಸ್ವಲ್ಪ ನೋಡಿ. ಮನೆಗೆ ಬರುವ ದಾರಿಯಲ್ಲಿ ಮಾತಾಡಲು ಬೇಕಾದಷ್ಟು ವಿಷಯ ಸಿಗ್ತದೆ.